ಕಾಶಮ್ಮನ ಹಿಮ್ಮಡಿ, ಮಡಗಾಂವಿನ ಮಷೀನು

ಕಾಶಮ್ಮನಿಗೆ ಸೊಕ್ಕು ಬಂದಿದೆ ಎಂದು ಗೋವೆಯ ಸಾಂಕೋಲೆಯ ಕೂಲಿ ಶೆಡ್ಡುಗಳಲ್ಲಿ ಮಾತು ಹುಟ್ಟಿದ್ದು ಆ ವರ್ಷ ಮಳೆ ಹಿಂದೆಗೆದ ಮೇಲೆ. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಮುಖವೊಂದನ್ನೇ ಅಲ್ಲ, ಪಾದದಿಂದ ನೆತ್ತಿಯವರೆಗೆ ಇಡೀ ಮೈಯನ್ನು ತಿರುಗಿಸಿ, ಎದೆ ಮುಂದೆ ಮಾಡಿ, ಫೌಜದಾರನ ಹಾಗೆ ನಿಲ್ಲುತ್ತಿದ್ದಳು. ನಳದ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹೆಂಗಸರು, "ಏನ್ ಠೀವಿ ಅವ್ವಾ ಇಕಿದು. ಮುಕಾದಮನ ಹೇಂತಿನೂ ಹಿಂಗ ನಿಂದ್ರೂದುಲ್ಲ" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಸೊಕ್ಕಲ್ಲ. ಕುತ್ತಿಗೆ ಹಿಡಿದಿತ್ತು. ಎಡಕ್ಕೂ ಹೊರಳದು, ಬಲಕ್ಕೂ ಹೊರಳದು. ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಿ, ಏರಿಸಿದರೆ ಬೆನ್ನ ಹುರಿಯೊಳಗೆ ಯಾರೋ ಮೊಳೆ ಬಡಿದ ಹಾಗೆ ಆಗುತ್ತಿತ್ತು. ಬಲಗೈಯ ಬೆರಳುಗಳಲ್ಲಿ ಇರುವೆ ಹರಿದಾಡುತ್ತಿದ್ದವು. ಸೊಕ್ಕಿನವಳು ಎಂಬ ಹೆಸರು ಬಂದದ್ದು ಅವಳಿಗೆ ಒಳ್ಳೆಯದೇ ಆಯಿತು. ನೋವಿನವಳು ಎಂಬ ಹೆಸರು ಬಂದಿದ್ದರೆ ಮುಕಾದಮನ ಕಿವಿಗೆ ಮುಟ್ಟುತ್ತಿತ್ತು.

ಮುಕಾದಮ ಪರಮೇಶಪ್ಪ ಬಾಗಲಕೋಟೆ ಕಡೆಯವನು. ಇಡೀ ಗ್ಯಾಂಗು ಅವನ ಕೈಯಲ್ಲಿತ್ತು. ಸಾಂಕೋಲೆಯ ಗುಡ್ಡದ ಇಳಿಜಾರಿನಲ್ಲಿ ಅವರು ಕಟ್ಟುತ್ತಿದ್ದ ಕಾರ್ಖಾನೆಗೆ ಇನ್ನು ಉಳಿದದ್ದು ಒಂದೇ ಸ್ಲ್ಯಾಬು. ಅದು ಮುಗಿದರೆ ಗ್ಯಾಂಗು ಕಾಣಕೋಣಕ್ಕೆ ಹೊರಡುತ್ತದೆ, ಅಲ್ಲಿ ಸಮುದ್ರದ ದಂಡೆಗೆ ಹೊಸ ಹೊಟೇಲು. ಶೆಡ್ಡುಗಳು ನಿಂತ ಜಾಗ ಭಾಟಕಾರನದು, ಆ ನೆಲದ ಒಡೆಯನದು. ಸ್ಲ್ಯಾಬು ಹಾಕಿ ಮುಗಿದ ಮರುದಿನ ಅವನ ಆಳುಗಳು ಬಂದು ತಗಡು ಕಿತ್ತುಹಾಕುತ್ತಾರೆ. ಗ್ಯಾಂಗಿನಲ್ಲಿ ಇದ್ದವರಿಗೆ ಕಾಣಕೋಣದಲ್ಲಿ ಮತ್ತೊಂದು ಶೆಡ್ಡು, ಇಲ್ಲದವರಿಗೆ ರಸ್ತೆ. "ಕಾಣಕೋಣಕ್ಕ ಎಲ್ಲಾರ್ನೂ ಕರಕೊಂಡು ಹೋಗೂದುಲ್ಲ. ಸ್ಲ್ಯಾಬಿನ ದಿನಾ ನೋಡ್ತೇನಿ, ಯಾರ ಕುತ್ತಿಗಿ ಇನ್ನೂ ಗಟ್ಟಿ ಐತಿ ಅಂತ" ಎಂದು ಪರಮೇಶಪ್ಪ ಎಲ್ಲರೆದುರು ಹೇಳಿಬಿಟ್ಟಿದ್ದ. ಎತ್ತಿನ ಸಂತೆಯಲ್ಲಿ ಹಲ್ಲು ಎಣಿಸುವವನ ಮಾತು.

ಕಾಶಮ್ಮನಿಗೆ ಹಿಂದೆ ಹೋಗಲು ಊರು ಇರಲಿಲ್ಲ. ಗಂಡ ಬಂದರಿನ ಕೆಲಸಕ್ಕೆಂದು ಅವಳನ್ನು ಗೋವೆಗೆ ಕರೆತಂದವನು, ಕಾಜು ಫೆಣಿ ಕುಡಿದು ಕುಡಿದು ಯಕೃತ್ತು ಊದಿಸಿಕೊಂಡು ಸತ್ತು ಎಷ್ಟೋ ವರ್ಷವಾಗಿತ್ತು. ಮಕ್ಕಳು ಹುಟ್ಟಿ ಉಳಿಯಲಿಲ್ಲ. ಗೋವೆಯವರಿಗೆ ಅವಳು ಘಾಟಿನ ಆಚೆಯವಳು, 'ಘಾಂಟಿ'. ಊರವರಿಗೆ ಗೋವೆಯವಳು. ಇದ್ದದ್ದು ಗ್ಯಾಂಗು ಒಂದೇ. ಗ್ಯಾಂಗಿನಲ್ಲಿ ಅವಳಿಗೊಂದು ಜಾಗ ಇದ್ದದ್ದು ತಲೆಯಿಂದಷ್ಟೇ ಅಲ್ಲ, ಕಾಲಿನಿಂದಲೂ.

ಮುದ್ದೇಬಿಹಾಳದ ಕಡೆಯ ಹಳ್ಳಿಯೊಂದರಲ್ಲಿ ಕಾಶಮ್ಮ ಹುಟ್ಟಿದ್ದೇ ಕಾಲು ಮುಂದಾಗಿ. ಸೂಲಗಿತ್ತಿ ಕಾಲು ಹಿಡಿದು ಎಳೆದಿದ್ದಳು, ತಾಯಿ ಉಳಿದದ್ದೇ ಹೆಚ್ಚು. ಹಾಗೆ ಹುಟ್ಟಿದವರ ಕಾಲಲ್ಲಿ ಗುಣ ಇರುತ್ತದೆ ಎಂದು ಆ ಕಡೆಯ ಮಂದಿ ನಂಬುತ್ತಾರೆ. ಟೊಂಕ ಹಿಡಿದವನು, ಬೆನ್ನು ಉಳುಕಿದವನು ಅಂಗಳದಲ್ಲಿ ಬೋರಲು ಮಲಗಬೇಕು. ಅವಳು ಮಾತಾಡದೆ ಬಂದು ಎಡಗಾಲ ಹಿಮ್ಮಡಿಯಿಂದ ಬೆನ್ನು ತುಳಿದು, ತಿರುಗಿ ನೋಡದೆ ಹೋಗಬೇಕು. ಲಂಗ ಹಾಕುವ ವಯಸ್ಸಿನಿಂದ ಅವಳು ಊರ ಬೆನ್ನುಗಳನ್ನೆಲ್ಲ ತುಳಿದು ಬೆಳೆದವಳು. ಯಾವ ಬೆನ್ನಿನಲ್ಲಿ ಎಲ್ಲಿ ಗಂಟು ಕಟ್ಟಿದೆ ಎಂದು ಅವಳ ಹಿಮ್ಮಡಿಗೆ ಗೊತ್ತಾಗುತ್ತಿತ್ತು.

ಆ ಗುಣಕ್ಕೆ ಎರಡು ಕಟ್ಟಳೆ. ತುಳಿದದ್ದಕ್ಕೆ ಏನೂ ತೆಗೆದುಕೊಳ್ಳಬಾರದು, ಒಂದು ಗುಟುಕು ಚಹಾ ಕೂಡ. ತೆಗೆದುಕೊಂಡರೆ ಗುಣ ಹೋಗುತ್ತದೆ. ಇನ್ನೊಂದು, ತುಳಿಯುವವಳ ಬೆನ್ನಿಗೆ ಬೇರೆಯವರು ಕೈ ಹಚ್ಚಬಾರದು, ಕಾಲು ಹಚ್ಚಬಾರದು. ಹಚ್ಚಿದರೆ ಇಬ್ಬರ ಬೆನ್ನೂ ಹಾಳಾಗುತ್ತದೆ. ಕಟ್ಟಳೆ ಮಾಡಿದವರು ಯಾರೋ, ಅವರ ಬೆನ್ನು ಮಾತ್ರ ಚಲೋ ಇದ್ದಿರಬೇಕು.

ಸಾಂಕೋಲೆಯಲ್ಲಿ ಇದು ಕೆಲಸದ ಪದ್ಧತಿಯೇ ಆಗಿಹೋಗಿತ್ತು. ಸ್ಲ್ಯಾಬಿನ ಹಿಂದಿನ ಸಂಜೆ, ಸ್ಲ್ಯಾಬಿನ ಮರುದಿನ ಮುಂಜಾನೆ, ಇಡೀ ಗ್ಯಾಂಗು ಕಾಶಮ್ಮನ ಶೆಡ್ಡಿನ ಮುಂದೆ ಬೋರಲು ಬೀಳುತ್ತಿತ್ತು. ಮೊದಲಿಗೆ ಪರಮೇಶಪ್ಪ, ಆಮೇಲೆ ಗಾರೆ ಕೆಲಸದವರು, ಕೊನೆಗೆ ಹೆಂಗಸರು. ಹಿಂದೂಗಳೂ ಬೀಳುತ್ತಿದ್ದರು, ಮುಸಲ್ಮಾನರೂ ಬೀಳುತ್ತಿದ್ದರು. ಅಷ್ಟೂ ಬೆನ್ನುಗಳನ್ನು ಅವಳು ಬಿಟ್ಟಿ ತುಳಿಯುತ್ತಿದ್ದಳು. ಅವಳದು ಹಿಡಿದಾಗ ಮುಟ್ಟುವ ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಗುಟ್ಟು ಗೊತ್ತಿದ್ದದ್ದು ಪಕ್ಕದ ಶೆಡ್ಡಿನ ಸುಗರಾಬಿಗೆ ಮಾತ್ರ. ಸಾಲಿನಲ್ಲಿ ಕಾಶಮ್ಮನ ಹಿಂದೆ ಘಮೇಲಿ ಹೊರುವವಳು ಅವಳು, ಹಿಂದಿನಿಂದ ಎಲ್ಲ ಕಾಣುತ್ತಿತ್ತು. ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದವಳೂ ಅವಳೇ. ಡಾಕ್ಟರು ಕುತ್ತಿಗೆಗೆ ಕಟ್ಟುವ ಬಿಳಿ ಪಟ್ಟಿ ಕೊಟ್ಟು, ತಲೆಯ ಮೇಲೆ ವಜನ ಹೊರಬೇಡ ಎಂದು ಕೊಂಕಣಿಯಲ್ಲಿ ಹೇಳಿದರು. ಕಾಶಮ್ಮ ಪಟ್ಟಿಯನ್ನು ಟ್ರಂಕಿನ ತಳಕ್ಕೆ ಹಾಕಿದಳು.

"ಅದನ್ ಕಟಗೊಂಡ್ರ ಆರಾಮ ಆಗತೈತಿ ಅಂದಾರಲ್ಲ," ಎಂದಳು ಸುಗರಾಬಿ.

"ಕಟಗೊಂಡು ಸ್ಲ್ಯಾಬಿಗಿ ಹೋಗ್ಲೇನ? ಈ ಎಮ್ಮಿ ಗೊಡ್ಡು ಬಿದ್ದೈತಿ ಅಂತ ನಾನ ಕೊಳ್ಳಾಗ ಬೋರ್ಡು ತೂಗಹಾಕ್ಕೊಂಡಂಗ."

"ಹಂಗಾದ್ರ ಮಾಲಿಶ್ ಮಾಡೂ ಮಷೀನಾ ತಗೋ. ನಾ ಭಾಂಡಿ ತಿಕ್ಕತಿದ್ದ ಮನ್ಯಾಗ ಇತ್ತು. ಆ ಮನಿ ಯಜಮಾನಿ ಗಂಡ ಹಡಗಿನ್ಯಾಗಿಂದ ತಂದಿದ್ದ. ಕುತ್ತಿಗಿಗಿ ಹಚ್ಚಿದ್ರ ಗುರ್ ಅಂತಿತ್ತು, ಯಜಮಾನಿ ಕುಂತಲ್ಲೇ ಗೊರಕಿ ಹೊಡೀತಿದ್ದಳು."

"ಅದು ಕಾಲ ಹಚ್ಚಿದಂಗ ಅಲ್ಲೇನ?"

ಸುಗರಾಬಿ ಸ್ವಲ್ಪ ಹೊತ್ತು ವಿಚಾರ ಮಾಡಿದಳು. "ಮಷೀನಕ್ಕ ಬೆನ್ನ ಎಲ್ಲೈತಿ ಹಾಳಾಗಾಕ?"

ಆ ಮಾತು ಕಾಶಮ್ಮನಿಗೆ ಹಿಡಿಸಿತು. ಕಾಣಕೋಣದ ಶೆಡ್ಡಿಗೆ ತಗಡು ತರಲೆಂದು ಕೂಡಿಟ್ಟ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊರಿಂದ ಬೀಗರು ಬಂದಿದ್ದಾರೆ ಎಂದು ಮುಕಾದಮನಿಗೆ ಸುಳ್ಳು ಹೇಳಿ, ಆ ದಿನದ ಹಾಜರಿಯ ಕೂಲಿ ಕಳೆದುಕೊಂಡು, ಸುಗರಾಬಿಯ ಜೊತೆ ಮಡಗಾಂವಿನ ಬಸ್ಸು ಹತ್ತಿದಳು. ಬಸ್ಸು ಪ್ರತಿ ಕುಣಿಗೆ ಕುಕ್ಕಿದಾಗಲೂ ಮುಂದಿನ ಸೀಟಿನ ಕಂಬಿಯನ್ನು ಕಚ್ಚುವವಳ ಹಾಗೆ ಹಿಡಿದುಕೊಳ್ಳುತ್ತಿದ್ದಳು.

ಮಡಗಾಂವಿನ ಪೇಟೆಯಲ್ಲಿ ಕೇಳುತ್ತ ಕೇಳುತ್ತ ಹೋದಾಗ ಸಿಕ್ಕದ್ದು ಬೆಳಗಾವಿ ಕಡೆಯ ವಿರೂಪಾಕ್ಷಪ್ಪನ ಅಂಗಡಿ. ಊರುಗೋಲು, ಸೊಂಟಪಟ್ಟಿ, ಬಿಸಿನೀರಿನ ರಬ್ಬರು ಚೀಲ, ಕೈಕಾಲು ಸೋತವರಿಗೆ ಬೇಕಾದ ಸಕಲವೂ ಅಲ್ಲಿ ಗೋಡೆಗೆ ತೂಗುತ್ತಿತ್ತು. ಹಣೆಗೆ ವಿಭೂತಿ ಹಚ್ಚಿದ ಸಾವಕಾರ ಗಾದಿಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕುಳಿತಿದ್ದ. ಕನ್ನಡ ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

"ಬರ್ರಿ ಅಕ್ಕಾರ. ಮಾಲಿಶ್ ಮಷೀನ ಏನ್ರಿ? ಯಾರಿಗಿ ಬೇಕ್ರಿ?"

"ನಮ್ಮ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ," ಎಂದಳು ಕಾಶಮ್ಮ.

"ಇಕಿನ ರೀ ಆ ಮುದುಕಿ," ಎಂದಳು ಸುಗರಾಬಿ.

ವಿರೂಪಾಕ್ಷಪ್ಪ ಒಂದೊಂದನ್ನೇ ಮುಂದೆ ಇಟ್ಟ. ಮರದ ಗುಂಡುಗಳನ್ನು ಸಾಲಾಗಿ ಪೋಣಿಸಿದ್ದೊಂದು, ಅದನ್ನು ಬೆನ್ನ ಹಿಂದೆ ಹಿಡಿದು ತಾವೇ ಉರುಳಿಸಿಕೊಳ್ಳಬೇಕು. ಕಾಶಮ್ಮನ ಬಲಗೈ ಬೆನ್ನ ಹಿಂದೆ ಹೋಗುತ್ತಿರಲಿಲ್ಲ, ಅದು ಆಗದು. ಶಾಖ ಕೊಡುವ ಕೆಂಪು ದೀಪ ಇತ್ತು. ದಿನವೆಲ್ಲ ಬಿಸಿಲು ಹೊರುವವಳಿಗೆ ಇನ್ನೂ ಎಲ್ಲಿಯ ಶಾಖ, ಅದೂ ಬೇಡ. ಉಳಿದದ್ದು ಎರಡು. ಒಂದು ಅಂಗೈ ಅಗಲದ ಸಣ್ಣ ಮಷೀನು, ಮೂತಿಗೆ ಮೆತ್ತನೆಯ ರಬ್ಬರಿನ ಟೋಪಿ. ಇನ್ನೊಂದು ಎರಡು ಕೈಯಲ್ಲಿ ಹಿಡಿಯಬೇಕಾದ ದೊಡ್ಡದು, ಇಸ್ತ್ರಿ ಪೆಟ್ಟಿಗೆಯಷ್ಟು ಭಾರ.

"ಕುತ್ತಿಗಿಗಿ ಈ ಸಣ್ಣದು ಚಲೋ ರೀ. ದೊಡ್ಡದು ತಾಲೀಮಿನ ಪೈಲವಾನರು ಒಯ್ತಾರ, ಟೊಂಕಕ್ಕ, ತೊಡಿಗಿ. ಹಚ್ಚಿ ನೋಡ್ರಿ ಬೇಕಾದ್ರ," ಎಂದು ಸಾವಕಾರ ಸಣ್ಣದರ ಪಿನ್ನು ಸಿಕ್ಕಿಸಿದ.

ಅಂಗಡಿಯಲ್ಲಿ ಗಂಡಸರು ನಿಂತಿದ್ದರು. ಸೆರಗು ಸರಿಸಿ ಕುತ್ತಿಗೆ ಬಿಡುವುದು ಹೇಗೆ? ಕಾಶಮ್ಮ ಮಷೀನನ್ನು ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು, ಎಡಗಾಲ ಹಿಮ್ಮಡಿಯನ್ನು ಅದರ ಮೂತಿಗೆ ಊರಿದಳು.

"ಅಯ್ಯ, ಅದು ಕಾಲಿಗಲ್ರಿ," ಎಂದ ಸಾವಕಾರ.

"ನನಗ ತಿಳಿಯೂದ ಕಾಲಿಂದ ರೀ."

ಸಣ್ಣ ಮಷೀನು ಗುಂಯ್ ಎಂದಿತು. ಕಾಂಕ್ರೀಟು ತಿಂದು ತಿಂದು ಕರಟದ ಹಾಗೆ ಗಟ್ಟಿಯಾದ ಹಿಮ್ಮಡಿಗೆ ಏನೂ ತಾಗಲಿಲ್ಲ. "ನೊಣಾ ಕುಂತಂಗ ಆಗತೈತ್ರಿ," ಎಂದು ದೊಡ್ಡದನ್ನು ತರಿಸಿದಳು. ಅದು ಗುಡುಗಿತು. ಹಿಮ್ಮಡಿಯಿಂದ ನಡುಕ ಮೊಣಕಾಲಿಗೆ ಏರಿತು. ಕಾಶಮ್ಮ ಕಣ್ಣು ಮುಚ್ಚಿದಳು. ಬೆನ್ನ ಮೇಲೆ ತನ್ನದೇ ಕಾಲು ಬಿದ್ದರೆ ಹೇಗಿರುತ್ತದೆ ಎಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ.

"ಸುಗರಾ, ಇದು ನನ್ನ ಕಾಲ ಆಗೇತಿ ನೋಡ."

ಕಾಲಿನ ಸಂಗತಿ ಏನೆಂದು ಸಾವಕಾರ ಕೇಳಿದ. ಸುಗರಾಬಿ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಕಾಲು ಮುಂದಾಗಿ ಹುಟ್ಟಿದವಳು ಎಂದು ಕೇಳಿದ್ದೇ ವಿರೂಪಾಕ್ಷಪ್ಪ ಗಾದಿಯಿಂದ ಕೆಳಗೆ ಇಳಿದ. ಇಳಿಯುವಾಗ ಅವನ ಬಾಯಿಂದ ಹೊರಟ ನರಳಿಕೆ ಇಡೀ ಅಂಗಡಿಗೆ ಕೇಳಿಸಿತು.

"ತಂಗಿ, ಕುಂತು ಕುಂತು ನಡಾ ಹೋಗೇತಿ ನಂದು. ಈ ಮಷೀನಾ ಎಲ್ಲಾ ಹಚ್ಚಿ ನೋಡೇನಿ. ಒಂದ ಕಾಲ ಹಾಕಿ ಹೋಗವಾ."

"ಮಷೀನಾ ಮಾರಾವ್ರು ನೀವ, ನಿಮ್ಮ ಟೊಂಕಾನ ಹಿಡದೈತೇನ್ರಿ?" ಎಂದು ಸುಗರಾಬಿ ನಕ್ಕಳು.

"ಮಿಠಾಯಿ ಮಾರಾಂವಗ ಸಕ್ಕರಿ ರೋಗ ಬರೂದುಲ್ಲೇನವಾ?"

ಒಳಗಿನ ಖೋಲಿಯಲ್ಲಿ ಊರುಗೋಲಿನ ಕಟ್ಟುಗಳ ನಡುವೆ ಸಾವಕಾರ ಬೋರಲು ಮಲಗಿದ. ಕಾಶಮ್ಮ ಗೋಡೆ ಹಿಡಿದು, ಹಲ್ಲು ಕಚ್ಚಿ, ಅವನ ಬೆನ್ನ ಮೇಲೆ ಹಿಮ್ಮಡಿ ಊರಿದಳು. ಎಣ್ಣೆ ತಿಂದ ಬೆನ್ನು, ಗಂಟು ಆಳದಲ್ಲಿತ್ತು. ಒತ್ತಿದಳು. ಸಾಲದೆಂದು ಮೈಯೆಲ್ಲ ಆ ಕಾಲಿಗೆ ಹಾಕಿದಳು. ಲಟಕ್ ಎಂದಿತು. ಅದೇ ಕ್ಷಣ ಅವಳ ಕುತ್ತಿಗೆಯಿಂದ ಬಲಗೈಗೆ ಬೆಂಕಿ ಹರಿಯಿತು. ಸಾವಕಾರ ಎದ್ದು ನೆಟ್ಟಗೆ ನಿಂತ. ಎಷ್ಟೋ ದಿನದ ಮೇಲೆ ತನ್ನ ಅಂಗಡಿಯ ಮೇಲಿನ ಹಲಗೆಯಲ್ಲಿ ಏನಿದೆ ಎಂದು ತಲೆ ಎತ್ತಿ ನೋಡಿದ.

"ಹೇಳೂ ಮಾತ ಕೇಳ ತಂಗಿ, ಸಣ್ಣದ ಒಯ್ಯಿ. ಕುತ್ತಿಗಿ ಅಂದ್ರ ಟೊಂಕ ಅಲ್ಲ."

"ಈಗ ನಾ ಮೆತ್ತಗ ತುಳದಿದ್ರ ನಿಮ್ಮ ನಡಾ ಬಿಡತಿತ್ತೇನ್ರಿ ಸಾವಕಾರ್ರ?"

ನೆಟ್ಟಗೆ ನಿಂತಿದ್ದ ಸಾವಕಾರನ ಬೆನ್ನೇ ಅವನ ಮಾತಿಗೆ ಅಡ್ಡ ಬಂದಿತ್ತು. ದೊಡ್ಡ ಮಷೀನನ್ನೇ ಡಬ್ಬಿಗೆ ಹಾಕಿದ. ರೇಟಿನಲ್ಲಿ ಸ್ವಲ್ಪ ಬಿಡುತ್ತೇನೆ ಎಂದ.

"ಪೈಸಾ ಬಿಡಬ್ಯಾಡ್ರಿ. ಬಿಟ್ರ ತುಳದದ್ದಕ್ಕ ತಗೊಂಡಂಗ ಆತು. ನಿಮ್ಮ ಟೊಂಕ ತಿರುಗಿ ಹಿಡೀತೈತಿ."

ವಿರೂಪಾಕ್ಷಪ್ಪ ಗಾಬರಿಯಾಗಿ ಪೂರಾ ರೇಟು ತೆಗೆದುಕೊಂಡ.

ಶೆಡ್ಡುಗಳಿಗೆ ಸೈಟಿನ ಗೋದಾಮಿನಿಂದ ಎಳೆದ ಒಂದು ವಾಯರು ಇತ್ತು. ಸಂಜೆ ದೀಪ ಹತ್ತಿದಾಗ ಕಾಶಮ್ಮ ಬಾಗಿಲು ಹಾಕಿ, ಚಾಪೆಯ ಮೇಲೆ ಬೋರಲು ಬಿದ್ದಳು. ಸುಗರಾಬಿ ಅಲ್ಲಾನ ಹೆಸರು ಹೇಳಿ, ಬೆರಳು ಬೆನ್ನಿಗೆ ತಾಗದಂತೆ ಮಷೀನು ಹಿಡಿದು ಕುತ್ತಿಗೆಗೆ ಇಟ್ಟಳು. ತಗಡಿನ ಗೋಡೆ ನಡುಗಿತು. ಕಾಶಮ್ಮನ ಹಲ್ಲು ಕಟಕಟ ಎಂದವು. ತೆಗೆದಾಗ ಕುತ್ತಿಗೆ ಜೋಮು ಹಿಡಿದಿತ್ತು. ನೋವು ಇರಲಿಲ್ಲ, ಏನೂ ಇರಲಿಲ್ಲ. ಆ ಮಳೆಗಾಲದ ನಂತರ ಮೊದಲ ಸಲ ಅವಳು ಬಾಯಿ ತೆರೆದು ನಿದ್ದೆ ಹೋದಳು.

ಮರುದಿನ ಹಚ್ಚಿದರು. ಅದರ ಮರುದಿನವೂ ಹಚ್ಚಿದರು. ಜೋಮು ಇಳಿದ ಮೇಲೆ ನೋವು ಮೊದಲಿಗಿಂತ ಬೇಗ ಬರತೊಡಗಿತು. ಕಾಶಮ್ಮ, "ಇನ್ನೂ ಜೋರ ಒತ್ತ, ಗಂಟು ಬಿಚ್ಚಾಕತ್ತೈತಿ" ಎನ್ನುತ್ತಿದ್ದಳು. ಬೇರೆಯವರಿಗೆ ಅವಳು ಹೇಳುತ್ತಿದ್ದದ್ದೂ ಅದೇ ಮಾತು.

ಸ್ಲ್ಯಾಬಿನ ಹಿಂದಿನ ಸಂಜೆ ಗ್ಯಾಂಗು ಪದ್ಧತಿಯಂತೆ ಅಂಗಳದಲ್ಲಿ ಬೋರಲು ಬಿತ್ತು. ಇಲ್ಲ ಎಂದರೆ ಗುಟ್ಟು ಹೊರಬೀಳುತ್ತದೆ. ಬಾಗಿಲ ಕಂಬ ಹಿಡಿದು ಅವಳು ಒಬ್ಬೊಬ್ಬರನ್ನೇ ತುಳಿದಳು. ಪರಮೇಶಪ್ಪ ಎದ್ದು ಮೈ ಮುರಿದು, "ಕಾಶಕ್ಕನ ಕಾಲ ಇರೂತನಾ ನಮಗ ಡಾಕ್ಟರ ಯಾಕ ಬೇಕ" ಎಂದ. ಹಾಗೆಂದವನು ತಾನೇ ನಾಳೆ ಕುತ್ತಿಗೆಗಳನ್ನು ಆರಿಸುವವನು ಎಂಬುದು ಅವನಿಗೆ ನೆನಪಿರಲಿಲ್ಲವೆಂದಲ್ಲ. ಅವನ ಲೆಕ್ಕದಲ್ಲಿ ಕಾಲು ಬೇರೆ, ಕೂಲಿ ಬೇರೆ.

ಮುಂಜಾನೆ ಮಿಕ್ಸರು ಶುರುವಾಗುವ ಮೊದಲು ಸುಗರಾಬಿ ಮತ್ತೆ ಮಷೀನು ಹಿಡಿದಳು. ಕಾಶಮ್ಮ ಎಲುಬಿನ ಮೇಲೆಯೇ ಇಡು ಎಂದಳು. ಸುಗರಾಬಿ ಬೇಡವೆಂದಳು. ಕಾಶಮ್ಮ ಕಸಿದುಕೊಂಡು, ತಾನೇ ಎಡಗೈಯಲ್ಲಿ ಹಿಡಿದು ಒತ್ತಿಕೊಂಡಳು. ಬಲಗೈಯೊಳಗೆ ಏನೋ ದೀಪ ಆರಿದಂತೆ ಆಯಿತು.

ಸ್ಲ್ಯಾಬು ಅಂದರೆ ನಿಲ್ಲಿಸುವಂತಿಲ್ಲ. ನಿಂತರೆ ಕಾಂಕ್ರೀಟು ಅಲ್ಲಲ್ಲೇ ಕಟ್ಟಿಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಮಿಕ್ಸರಿನಿಂದ ಹಲಗೆಯ ಏರು ಹತ್ತಿ ಮೇಲಿನವರೆಗೆ ಹೆಂಗಸರ ಸಾಲು, ತುಂಬಿದ ಘಮೇಲಿ ಏರುತ್ತದೆ, ಬರಿದಾದದ್ದು ಇಳಿಯುತ್ತದೆ. ಹೊತ್ತು ಏರುವವರೆಗೆ ಕಾಶಮ್ಮ ಹೊತ್ತಳು. ಮುಖ ನೇರ, ಎದೆ ಮುಂದೆ, ಅದೇ ಸೊಕ್ಕಿನ ಠೀವಿ. ಬಲಗೈ ಘಮೇಲಿಯ ಅಂಚನ್ನು ಹಿಡಿದಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹಲಗೆಯ ತಿರುವಿನಲ್ಲಿ ಮೈ ತಿರುಗಿಸಬೇಕು. ತಿರುಗಿಸಿದಳು. ಕೈ ಬರಲಿಲ್ಲ. ಘಮೇಲಿ ಹಿಂದಕ್ಕೆ ಜಾರಿ ಸುಗರಾಬಿಯ ಭುಜ ಸವರಿಕೊಂಡು ಕೆಳಗೆ ಬಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ಅವಳ ತಲೆ.

ಸಾಲು ನಿಂತಿತು. ಪರಮೇಶಪ್ಪ ಹಲಗೆ ಹತ್ತಿ ಬಂದ. ಬೈಯಲಿಲ್ಲ. ಕಾಶಮ್ಮನ ತೂಗುವ ಕೈಯನ್ನು ನೋಡಿ, "ಕೆಳಗ ಇಳಿ ಕಾಶಕ್ಕ" ಎಂದ. ಇನ್ನೊಬ್ಬಳನ್ನು ಕರೆದು ಆ ಜಾಗದಲ್ಲಿ ನಿಲ್ಲಿಸಿದ. ಸಾಲು ಮತ್ತೆ ನಡೆಯಿತು. ಮನುಷ್ಯರ ಸಾಲಿನಿಂದ ಒಬ್ಬರನ್ನು ತೆಗೆದರೆ ಅದು ಮುಚ್ಚಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಕಾಶಮ್ಮ ಕೆಳಗೆ ಜಲ್ಲಿ ರಾಶಿಯ ಮೇಲೆ ಕುಳಿತು ನೋಡಿದಳು. ಹೊತ್ತೇ ಬೇಕಾಗಲಿಲ್ಲ.

ಸಂಜೆ ಪರಮೇಶಪ್ಪ ಶೆಡ್ಡಿನ ಬಾಗಿಲಿಗೆ ಬಂದು ಆ ದಿನದ ಪೂರಾ ಹಾಜರಿಯ ಕೂಲಿ ಕೊಟ್ಟ. "ಊರಿಗಿ ಹೋಗಿಬಿಡಕ್ಕ. ಗ್ಯಾಂಗಿನ್ಯಾಗ ಕುಂದ್ರಿಸಿ ಉಣಸಾಕ ನಾ ಸಾವಕಾರಲ್ಲ," ಎಂದ. ಸುಗರಾಬಿ ಭುಜಕ್ಕೆ ಅರಿಸಿನ ಹಚ್ಚಿಕೊಂಡು ಮೂಲೆಯಲ್ಲಿ ಅಳುತ್ತಿದ್ದಳು. "ನಿನ್ನ ಭುಜಾ ಹೋದ್ರ ನಾ ಹೊರತೇನಿ, ಅಳಬ್ಯಾಡ" ಎಂದು ಕಾಶಮ್ಮ ಅವಳನ್ನೇ ಗದರಿಸಿದಳು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಕಾಣಕೋಣದ ಟ್ರಕ್ಕು ಬಂದು ನಿಂತಿತ್ತು. ಸ್ಲ್ಯಾಬು ಹೊತ್ತ ಬೆನ್ನುಗಳು ಟ್ರಕ್ಕು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಎಂದಿನ ಹಾಗೆ ಒಬ್ಬೊಬ್ಬರೇ ಬಂದು ಕಾಶಮ್ಮನ ಅಂಗಳದಲ್ಲಿ ಬೋರಲು ಬಿದ್ದರು. ಅವಳನ್ನು ಬಿಟ್ಟು ಹೋಗುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು, ಆದರೂ ಬಿದ್ದರು. ನಾಚಿಕೆಗಿಂತ ಟೊಂಕ ದೊಡ್ಡದು. ಎಲ್ಲರ ಮುಂದೆ ಪರಮೇಶಪ್ಪ, ಮುಖ ಮಣ್ಣಿಗೆ.

ಕಾಶಮ್ಮ ಹೊರಗೆ ಬಂದಳು. ಕುತ್ತಿಗೆಗೆ ದವಾಖಾನೆಯ ಬಿಳಿ ಪಟ್ಟಿ ಕಟ್ಟಿದ್ದಳು. ಇನ್ನು ಮುಚ್ಚಿಡುವುದೇನಿತ್ತು? ಹೊಸ್ತಿಲ ಮೇಲೆ ಕುಳಿತು ಎರಡೂ ಕಾಲನ್ನು ಸೀರೆಯೊಳಗೆ ಮಡಚಿಕೊಂಡಳು.

"ಲಗೂನ ಹಾಕಕ್ಕ ಕಾಲ. ಗಾಡಿ ನಿಂತೈತಿ," ಎಂದ ಪರಮೇಶಪ್ಪ ಮಣ್ಣಿನಿಂದಲೇ.

"ಹಾಜರಿ ಹಚ್ಚು. ಹಾಕತೇನಿ."

"ಏನ ಹಾಜರಿ?"

"ಕಾಣಕೋಣಕ್ಕ ಬರತೇನಿ. ತುಳಿತೇನಿ. ಘಮೇಲಿ ಹೊತ್ತಾವ್ರಿಗಿ ಏನ ಕೊಡತೀ, ಅದನ್ನ ನನಗೂ ಕೊಡ."

ಅಂಗಳದಲ್ಲಿ ಬೋರಲು ಬಿದ್ದವರೆಲ್ಲ ಗೋಣು ಎತ್ತಿದರು. ಪರಮೇಶಪ್ಪ ಮೊಣಕೈ ಊರಿ ಅರ್ಧ ಎದ್ದ. "ತಗೊಂಡ್ರ ಗುಣಾ ಹೋಗತೈತಿ ಅಂತ ನೀನ ಹೇಳತಿದ್ದೆಲ್ಲ ಅಕ್ಕ."

"ಹೋಗಲಿ. ಪುಕ್ಕಟಿದು ಹೋಗತೈತಿ, ಅಷ್ಟ."

ಪರಮೇಶಪ್ಪನ ಕಣ್ಣು ಅವಳ ಹಿಂದೆ, ಶೆಡ್ಡಿನೊಳಗಿನ ಡಬ್ಬಿಯ ಮೇಲೆ ಬಿತ್ತು. "ಸುಗರವ್ವಾ, ಅದೇನ ಮಷೀನಾ ತಂದೀರಂತಲ್ಲ, ತಗೊಂಬಾ. ಅದು ಹಾಜರಿ ಕೇಳೂದುಲ್ಲ."

ಸುಗರಾಬಿ ಕಾಶಮ್ಮನ ಮುಖ ನೋಡಿದಳು. ಕಾಶಮ್ಮ ತಡೆಯಲಿಲ್ಲ. ತಡೆಯುವ ಬುದ್ಧಿ ಓಡಲಿಲ್ಲ ಎಂದರೂ ಸರಿ. ವಾಯರು ಇನ್ನೂ ಇತ್ತು. ಮಷೀನು ಮುಕಾದಮನ ಟೊಂಕದ ಮೇಲೆ ಗುಡುಗಿತು. ಅವನು "ಆಹಾ" ಎಂದ. ಪೈಲವಾನರ ಟೊಂಕಕ್ಕೆ ಮಾಡಿದ್ದು, ಟೊಂಕಕ್ಕೆ ಚಲೋ ಹತ್ತುತ್ತಿತ್ತು. ಸಾವಕಾರ ಹೇಳಿದ್ದು ಖರೇ ಇತ್ತು. ಗಾರೆಯವನೊಬ್ಬ ತನಗೂ ಎಂದ, ಇನ್ನೊಬ್ಬ ತನಗೂ ಎಂದ. ಹೊಸ್ತಿಲ ಮೇಲೆ ಕುಳಿತ ಕಾಶಮ್ಮ, ತಗಡಿನ ದುಡ್ಡು ಕೊಟ್ಟು ತಾನು ಕೊಂಡು ತಂದದ್ದು ತನ್ನ ಜಾಗಕ್ಕೆ ಇನ್ನೊಬ್ಬಳನ್ನು ಎಂದು ತಿಳಿದುಕೊಂಡಳು. ಅವಳಿಗೆ ಕೂಗಬೇಕೆನಿಸಿತು, ಕುತ್ತಿಗೆ ಕೂಗಲೂ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಮಷೀನಿನ ಹೊಟ್ಟೆ ಕಾದು ಕೆಂಡವಾಗಿತ್ತು. ಸುಗರಾಬಿ ಕೈ ಸುಟ್ಟುಕೊಂಡು ಕೆಳಗಿಟ್ಟಳು. ಅದು ಕೆಮ್ಮಿದ ಹಾಗೆ ಮಾಡಿ ನಿಂತಿತು. ಇನ್ನೂ ಅರ್ಧ ಗ್ಯಾಂಗು ಬೋರಲೇ ಇತ್ತು.

"ದಣದೈತಿ ಅದು," ಎಂದಳು ಕಾಶಮ್ಮ ಮೆಲ್ಲಗೆ. "ಅದಕ್ಕೂ ದಮ್ಮ ಬೇಕ. ಆರಿದ ಮ್ಯಾಲ ಮತ್ತ ನಡೀತೈತಿ. ಅದು ಆರೂತನಾ ನಾ ತುಳಿತೇನಿ. ಮಷೀನಾನೂ ನಂದ, ಕಾಲೂ ನಂದ. ಎರಡೂ ಕೂಡಿ ಒಂದಾಳು. ಒಂದ ಹಾಜರಿ."

ಟ್ರಕ್ಕಿನವನು ಹಾರ್ನು ಹೊಡೆದ. ಬೋರಲು ಬಿದ್ದವರಲ್ಲಿ ಯಾರೋ, "ಕೊಡೋ ಪರಮೇಶಣ್ಣ, ನಮಗ ಏಳಾಕ ಆಗವಲ್ದು" ಎಂದರು.

"ಅರ್ಧ," ಎಂದ ಪರಮೇಶಪ್ಪ. "ಅರ್ಧ ಹಾಜರಿ. ಶೆಡ್ಡು ಸುಗರವ್ವನ ಕೂಡ."

ಕಾಶಮ್ಮ ಅವನನ್ನು ನೋಡಿದಳು. ಇಡೀ ಮೈ ತಿರುಗಿಸಿ ನೋಡಿದಳು. ಇನ್ನು ಸ್ವಲ್ಪ ಜಗ್ಗಿದರೆ ಟ್ರಕ್ಕು ಹೋಗಿಬಿಡಬಹುದು. ಆಚೆ ಭಾಟಕಾರನ ಆಳುಗಳು ಕೊಡಲಿ, ಹಾರೆ ಹಿಡಿದು ನಿಂತಿದ್ದರು. "ಆತು," ಎಂದಳು.

ತುಳಿಯತೊಡಗಿದಳು. ಜೀವಮಾನದಲ್ಲಿ ಮೊದಲ ಸಲ ಕೂಲಿಗೆ. ಮೊದಲ ಬೆನ್ನಿನ ಮೇಲೆ ಹಿಮ್ಮಡಿ ಊರಿದಳು. ಗುಣ ಹೋಗಿದ್ದರೆ ಅರ್ಧ ಹಾಜರಿಯೂ ಹೋಯಿತು. ಒತ್ತಿದಳು. ಲಟಕ್ ಎಂದಿತು. ಮಲಗಿದ್ದವನು ಎದ್ದು ಹೋದ. ಎರಡನೆಯದೂ ಎಂದಿನ ಹಾಗೆಯೇ ಬಿಟ್ಟಿತು. ಏನೂ ಹೋಗಿರಲಿಲ್ಲ. ಅವಳು ಖುಷಿಪಡಲಿಲ್ಲ. ಲಂಗದ ವಯಸ್ಸಿನಿಂದ ಇಲ್ಲಿಯವರೆಗೆ ಬಿಟ್ಟಿ ತುಳಿದ ಬೆನ್ನುಗಳೆಲ್ಲ ಒಂದರ ಮೇಲೊಂದು ನೆನಪಾದವು, ಸಿಟ್ಟು ಹಿಮ್ಮಡಿಗೆ ಇಳಿಯಿತು. ಕೆಳಗಿದ್ದವನು "ಸಾವಕಾಶ ಯವ್ವಾ" ಎಂದು ನರಳಿದ.

ಟ್ರಕ್ಕಿನಲ್ಲಿ ಮಿಕ್ಸರಿನ ಪಕ್ಕ, ಪಾತ್ರೆಗಳ ಮೂಟೆಯ ಮೇಲೆ ಇಬ್ಬರೂ ಕುಳಿತರು. ಕಾಶಮ್ಮನ ಬಲಗೈ ಮಡಿಲಲ್ಲಿ ಸತ್ತ ಕೋಳಿಯ ಹಾಗೆ ಬಿದ್ದಿತ್ತು, ಎಡಗೈಯಲ್ಲಿ ಮಷೀನಿನ ಡಬ್ಬಿ. ಹಿಂದೆ ಶೆಡ್ಡಿನ ತಗಡು ಕೀಳುವ ಸದ್ದು ಕೇಳಿಸಿತು, ನೋಡಲು ಅವಳಿಗೆ ಕುತ್ತಿಗೆ ಹೊರಳಲಿಲ್ಲ. ಮಡಗಾಂವ್ ದಾಟಿದ ಮೇಲೆ ರಸ್ತೆ ಕೆಟ್ಟಿತು. ಪ್ರತಿ ಕುಣಿಗೂ ಅವಳ ಬಾಯಿಂದ ಒಂದು ಸಣ್ಣ ಸದ್ದು ಹೊರಡುತ್ತಿತ್ತು.

ಸುಗರಾಬಿ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದಳು. ಕೊನೆಗೆ ಕೇಳಿದಳು.

"ಯಕ್ಕಾ, ತಗೊಂಡ್ರೂ ಗುಣಾ ಹೋಗಲಿಲ್ಲಲ್ಲ."

"ಹೋಗಲಿಲ್ಲ."

"ಹಂಗಾದ್ರ ನಿನ್ನ ಬೆನ್ನ ಮುಟ್ಟಬಾರದು ಅನ್ನೂದು?"

ಕಾಶಮ್ಮ ಮುಂದೆ ನೋಡುತ್ತಲೇ ಇದ್ದಳು. ಈ ಮಾತು ಇಷ್ಟು ವರ್ಷ ಒಬ್ಬರಿಗೂ ಹೊಳೆಯಲಿಲ್ಲವಲ್ಲ, ತನಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಬೈಯಬೇಕೆನಿಸಿತು. ಯಾರನ್ನು ಎಂದು ತಿಳಿಯಲಿಲ್ಲ. ಎಡಗೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. ಬಿಳಿ ಪಟ್ಟಿಯ ಗಂಟು ಒಂದೇ ಕೈಯಲ್ಲಿ ಬಿಚ್ಚಿದಳು.

ಕುತ್ತಿಗೆಗೆ ತಾಗಿದ ಸುಗರಾಬಿಯ ಹೆಬ್ಬೆರಳು ತಣ್ಣಗಿತ್ತು, ಹೆದರಿತ್ತು.

"ಮೆತ್ತಗ," ಎಂದಳು ಕಾಶಮ್ಮ.